ಬಕೆಟ್ಟಿನ ಸದ್ದಿಗೆ ಬಂದ ನೆಂಟರು

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಗಾದೆಯನ್ನು ಯಾರು ಯಾವಾಗ ಕಟ್ಟಿದರೋ ಗೊತ್ತಿಲ್ಲ. ಕಡಲದಂಡೆಯ ಆ ಬೀದಿಯಲ್ಲಿ ಮಾತ್ರ ಅದು ದಿನಾ ಕಣ್ಣಾರೆ ಕಾಣುವ ಸಂಗತಿ. ಬನ್ನು ಇನ್ನೇನು ಬಾಯಿಗೆ ಬರಬೇಕು, ಹಿಂದಿನಿಂದ ರಪ್ಪನೆ ರೆಕ್ಕೆಯ ಗಾಳಿ ಬೀಸುತ್ತದೆ, ಕೈ ಖಾಲಿ. ತಲೆಯೆತ್ತಿದರೆ ಬಿಳಿ ಮೈ, ಬೂದು ರೆಕ್ಕೆ, ಹಳದಿ ಕೊಕ್ಕಿನ ಕಡಲಕಾಗೆಯೊಂದು ದೀಪದ ಕಂಬದ ಮೇಲೆ ಕೂತು, ನಿಮ್ಮನ್ನೇ ನೋಡುತ್ತಾ ನಿಮ್ಮ ಬನ್ನು ನುಂಗುತ್ತಿರುತ್ತದೆ.

ಆ ಬೀದಿಯ ಕೊನೆಯಲ್ಲಿ ಚಹಾ, ಬನ್ನು, ಕರಿದ ಮೀನು ಮಾರುವ ಒಂದು ಪುಟ್ಟ ಅಂಗಡಿ. ಅದನ್ನು ನಡೆಸುವ ಹೆಂಗಸನ್ನು ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಅಂಗಡಿಯಕ್ಕ ಎಂದೇ ಕರೆಯುತ್ತಿದ್ದರು. ಗಂಡ ದೋಣಿ ರಿಪೇರಿ ಮಾಡುವ ಬಡಗಿ. ಇವರಿಗೊಬ್ಬಳೇ ಮಗಳು. ಇನ್ನೂ ಶಾಲೆಗೆ ಸೇರದ ಪೋರಿ. ದುಂಡು ದುಂಡಗಿದ್ದು, ಒಂದು ಕಡೆ ನಿಲ್ಲದೆ ಉರುಳಾಡುತ್ತಿದ್ದಳು ಅಂತ ಅವಳಿಗೆ ಬಟಾಣಿ ಎಂದು ಹೆಸರು ಬಿದ್ದಿತ್ತು.

ಹಕ್ಕಿಗಳ ಕಾಟ ತಪ್ಪಿಸಿಕೊಳ್ಳಲು ಅಂಗಡಿಯಕ್ಕ ತನ್ನದೇ ಒಂದು ಉಪಾಯ ಹೂಡಿದ್ದಳು. ಹೊಟ್ಟೆ ತುಂಬಿದವನು ಯಾಕೆ ಕದಿಯುತ್ತಾನೆ? ಇಷ್ಟೇ ಅವಳ ಲೆಕ್ಕ. ಬೆಳಿಗ್ಗೆ ಮೀನು ಹೆಚ್ಚಿದ ಮೇಲೆ ತಲೆ, ಕರುಳು, ಹಿಂದಿನ ದಿನದ ಒಣ ಬನ್ನು ಎಲ್ಲವನ್ನೂ ತಗಡಿನ ಬಕೆಟ್ಟಿಗೆ ತುಂಬಿ ಹಿತ್ತಲಿಗೆ ಒಯ್ಯುತ್ತಿದ್ದಳು. ಬಕೆಟ್ಟಿನ ಹಿಡಿಯನ್ನು ಅಂಚಿಗೆ ಕಣ ಕಣ ಬಡಿದು, "ಬನ್ರಪ್ಪಾ, ಹೊಟ್ಟೆ ತುಂಬಾ ತಿಂದು ಹೋಗಿ. ಮುಂದುಗಡೆ ಮಾತ್ರ ಬರಬೇಡಿ" ಎಂದು ಕರೆಯುತ್ತಿದ್ದಳು. ಅವುಗಳಲ್ಲಿ ಒಂದರ ಕಾಲು ಸೊಟ್ಟ. ಅದಕ್ಕೆ ಕುಂಟಪ್ಪ ಎಂದು ಹೆಸರಿಟ್ಟು, ದೊಡ್ಡ ತಲೆಯೊಂದನ್ನು ಅದಕ್ಕೆಂದೇ ಎತ್ತಿಟ್ಟು ಕಾಲ ಬುಡದಲ್ಲೇ ಹಾಕುತ್ತಿದ್ದಳು. ಕುಂಟಪ್ಪನ ಮೇಲೆ ಅವಳಿಗೆ ನಿಜವಾದ ಪ್ರೀತಿ.

ಆದರೂ ಮುಂದುಗಡೆಯ ಕಾಟ ಕಮ್ಮಿಯಾಗಲಿಲ್ಲ. ಸಾಲದೇನೋ ಎಂದುಕೊಂಡು ಅಕ್ಕ ಬಕೆಟ್ಟಿಗೆ ಇನ್ನಷ್ಟು ತುಂಬಿದಳು.

ಹೀಗಿರುವಾಗ ಒಂದು ದಿನ ಬಟಾಣಿ ಅಂಗಡಿ ಮುಂದಿನ ಬೆಂಚಿನ ಮೇಲೆ ಕಾಲಾಡಿಸುತ್ತಾ ಬನ್ನು ತಿನ್ನುತ್ತಿದ್ದಳು. ಕಿಟಾರನೆ ಕಿರುಚಿದ್ದು ಕೇಳಿ ಅಕ್ಕ ಸೌಟು ಬಿಸಾಡಿ ಓಡಿ ಬಂದರೆ, ಬನ್ನು ಇಲ್ಲ, ಮಗುವಿನ ಬೆರಳಿನಿಂದ ರಕ್ತ ಸುರಿಯುತ್ತಿದೆ, ಹಕ್ಕಿ ಆಗಲೇ ಹಾರಿಹೋಗಿದೆ.

ಅಕ್ಕನ ನಾದಿನಿ, ಎಂದರೆ ಗಂಡನ ತಂಗಿ, ಊರಿನ ಆಸ್ಪತ್ರೆಯಲ್ಲಿ ನರ್ಸು. ಅವಳು ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು, ಡಾಕ್ಟರಿಗೆ ತೋರಿಸಿ, ಪಟ್ಟಿ ಕಟ್ಟಿದಳು. ಗಾಯವೇನೋ ಬೇಗ ಒಣಗಿತು. ಭಯ ಮಾತ್ರ ಮಗುವಿನೊಳಗೆ ಹಾಗೇ ಉಳಿಯಿತು. ದಿನವಿಡೀ ಮರಳಿನಲ್ಲಿ ಬಿದ್ದು ಹೊರಳುತ್ತಿದ್ದ ಬಟಾಣಿ ಈಗ ಹೊಸಿಲು ದಾಟುತ್ತಿರಲಿಲ್ಲ. ಹಕ್ಕಿ ಕೂಗಿದರೆ ಸಾಕು, ಮೇಜಿನ ಕೆಳಗೆ ತೂರಿ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಕಡಲದಂಡೆಯಲ್ಲಿ ಹಕ್ಕಿ ಕೂಗದ ಗಳಿಗೆ ಎಲ್ಲಿಂದ ಬರಬೇಕು? ಮಗು ಮೇಜಿನ ಕೆಳಗೇ ಬೆಳೆಯುತ್ತದೇನೋ ಎಂದು ತಾಯಿ ಕೊರಗುತ್ತಿದ್ದಳು.

ಒಂದು ಸಂಜೆ ನಾದಿನಿ ಮಗುವನ್ನು ನೋಡಲು ಬಂದಾಗ ಅಂಗಡಿಯಲ್ಲಿ ಇದೇ ಪಂಚಾಯ್ತಿ ನಡೆಯುತ್ತಿತ್ತು.

"ಇಲಿ ಪಾಷಾಣ ತಂದು ಮೀನಿನ ತಲೆಗೆ ಸವರಿ ಇಡೋಣ. ಕಾಟಾನೇ ಮುಗಿದುಹೋಗುತ್ತೆ," ಎಂದ ಪಕ್ಕದಲ್ಲಿ ಗಾಡಿಯಿಟ್ಟು ವ್ಯಾಪಾರ ಮಾಡುವ ಐಸ್‌ಕ್ರೀಮ್ ಮಾವ. ಈ ಮಾವ ತನ್ನ ಹಳೇ ಅಂಗಿ ತೊಡಿಸಿ ಗಾಡಿಯ ಪಕ್ಕ ಒಂದು ಬೆದರುಬೊಂಬೆ ನಿಲ್ಲಿಸಿದ್ದ. ಹಕ್ಕಿಗಳು ಮೊದಮೊದಲು ಹೆದರಿದವು. ಆಮೇಲೆ ಅದರ ತಲೆಯ ಮೇಲೇ ಕೂತು ಗಿರಾಕಿಗಳಿಗೆ ಹೊಂಚು ಹಾಕಿದವು. ಸಂಜೆಗತ್ತಲಲ್ಲಿ ಆ ಬೊಂಬೆಗೆ ಬೆಚ್ಚಿ ಬೀಳುತ್ತಿದ್ದವನು ಮಾವನೊಬ್ಬನೇ.

"ಆ ತಲೇನ ಹಕ್ಕಿನೇ ತಿನ್ನುತ್ತೆ ಅಂತ ಯಾರು ಹೇಳಿದ್ರು ಮಾವ?" ಎಂದಳು ನಾದಿನಿ. "ನಿಮ್ಮ ನಾಯಿ ತಿನ್ನಬಹುದು. ಬಟಾಣಿಯಂಥ ಮಗು ಮುಟ್ಟಿ ಬಾಯಿಗೆ ಕೈ ಇಟ್ಕೋಬಹುದು. ಆಗ ಯಾರನ್ನ ಬೈತೀರಿ?"

ಈಗ ಬಡಗಿ ಬಾಯಿ ತೆರೆದ. "ಹಾಗಾದ್ರೆ ನಾನು ಏಣಿ ಹಾಕಿ, ನಮ್ಮ ಚಾವಣಿ ಮೇಲಿರೋ ಗೂಡು ಕಿತ್ತು ಹಾಕ್ತೀನಿ."

"ಮೊಟ್ಟೆ, ಮರಿ ಇರೋ ಗೂಡಿಗೆ ಕೈ ಹಾಕಬೇಡ ಅಣ್ಣ. ಅದು ತಪ್ಪು. ತಾಯಿ ಹಕ್ಕಿ ಮುಖಕ್ಕೇ ನುಗ್ಗುತ್ತೆ, ನೀನು ಏಣಿ ಸಮೇತ ಕೆಳಗೆ ಬರ್ತೀಯ. ಆಮೇಲೆ ಪಟ್ಟಿ ಕಟ್ಟೋಳು ನಾನೇ ತಾನೇ?"

"ಮತ್ತೇನು ಮಾಡ್ಬೇಕು? ಕೂರಿಸಿ ಊಟ ಹಾಕ್ಬೇಕಾ?"

"ಹಾಕ್ತಾ ಇದೀರಲ್ಲ, ಅದೇ ತೊಂದ್ರೆ," ಎಂದು ನಾದಿನಿ ಮೂಲೆಯ ತಗಡಿನ ಬಕೆಟ್ಟಿನತ್ತ ನೋಡಿದಳು.

ಅಂಗಡಿಯಕ್ಕನಿಗೆ ರೇಗಿತು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ! ನಾನು ಹಾಕೋದು ಹಿತ್ತಲಲ್ಲಿ. ಕಾಟ ಇರೋದು ಮುಂದುಗಡೆ. ನಾನು ಅಷ್ಟಾದ್ರೂ ಹಾಕದೇ ಇದ್ದಿದ್ರೆ ಅವು ಹಸಿವಿಗೆ ಜನರ ಕಣ್ಣೇ ಕೀಳ್ತಿದ್ವು."

"ವಾದ ಬೇಡ ಅತ್ತಿಗೆ. ಬಕೆಟ್ ಖಾಲಿ ಇದೆ ಅಲ್ವಾ? ಅದನ್ನೇ ತಗೊಂಡು ಮುಂಬಾಗಿಲಲ್ಲಿ ನಿಂತು, ಬೆಳಿಗ್ಗೆ ಬಡಿಯೋ ಹಾಗೇ ಬಡೀರಿ. ಏನಾಗುತ್ತೆ ನೋಡೋಣ."

"ಏನಾಗುತ್ತೆ? ನನ್ನ ಕೈ ನೋಯುತ್ತೆ," ಎನ್ನುತ್ತಾ ಅಕ್ಕ ಬಕೆಟ್ಟು ಎತ್ತಿಕೊಂಡು ಹೊರಗೆ ಬಂದಳು. ಆಗ ಬೀದಿಯಲ್ಲಿ ಒಂದು ಹಕ್ಕಿಯೂ ಇರಲಿಲ್ಲ. ಎಲ್ಲವೂ ದೂರದಲ್ಲಿ ನೀರಿನ ಮೇಲೆ ತೇಲುತ್ತಿದ್ದವು. ಅಕ್ಕ ಹಿಡಿಯನ್ನು ಅಂಚಿಗೆ ಬಡಿದಳು. ಕಣ ಕಣ ಕಣ.

ನೀರಿನ ಮೇಲಿದ್ದ ಹಕ್ಕಿಗಳೆಲ್ಲ ಒಮ್ಮೆಗೇ ಎದ್ದವು. ಅಕ್ಕ ಕಣ್ಣು ಮಿಟುಕಿಸುವುದರೊಳಗೆ ಬೆಂಚಿನ ಮೇಲೆ, ಕಟ್ಟೆಯ ಮೇಲೆ, ಬೆದರುಬೊಂಬೆಯ ಹೆಗಲ ಮೇಲೆ, ಎಲ್ಲೆಲ್ಲೂ ರೆಕ್ಕೆ, ಎಲ್ಲೆಲ್ಲೂ ಕೂಗು. ಕುಂಟಪ್ಪ ಕುಂಟುತ್ತಾ ಅಕ್ಕನ ಕಾಲ ಬುಡಕ್ಕೇ ಬಂತು. ಕತ್ತು ಉದ್ದ ಮಾಡಿ ಬಕೆಟ್ಟಿನೊಳಗೆ ಇಣುಕಿತು. ಖಾಲಿ. ಅಲ್ಲಿಂದ ಸೀದಾ ತಿರುಗಿ, ಪಕ್ಕದ ಮೇಜಿನಲ್ಲಿ ಚಹಾ ಕುಡಿಯುತ್ತಿದ್ದ ಪೋಸ್ಟ್‌ಮನ್ನನ ಕೈಯಿಂದ ಬನ್ನು ಎಗರಿಸಿಕೊಂಡು ಹಾರಿತು.

"ಅಯ್ಯೋ ಕುಂಟಪ್ಪಾ!" ಎಂದಳು ಅಕ್ಕ. ಕೈ ಬಿಟ್ಟ ಬಕೆಟ್ಟು ಉರುಳಿಹೋಯಿತು.

ಒಳಗೆ ಮೇಜಿನ ಕೆಳಗಿನಿಂದ ಸಣ್ಣ ದನಿಯೊಂದು ಬಂತು. "ಅಮ್ಮಾ, ಅವತ್ತು ನನ್ನ ಬನ್ನು ತಗೊಂಡಿದ್ದೂ ಕುಂಟಪ್ಪನೇ."

ಅಕ್ಕ ಬಗ್ಗಿ ಮೇಜಿನ ಕೆಳಗೆ ನೋಡಿದಳು. "ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ ಕಂದಾ?"

"ಅದು ನಿನ್ನ ಫ್ರೆಂಡು ಅಲ್ವಾ. ನಿಂಗೆ ಬೇಜಾರಾಗುತ್ತೆ ಅಂತ."

ಅಂಗಡಿಯಕ್ಕ ಅಲ್ಲೇ ನೆಲದ ಮೇಲೆ ಕುಸಿದು ಕೂತು ಮಗಳನ್ನು ಎದೆಗವಚಿಕೊಂಡು ಅತ್ತಳು. ಮಗುವಿನ ಬೆರಳು ಕಚ್ಚಿದ ಹಕ್ಕಿಗೆ ತಾನೇ ಕೈಯಾರೆ ತುತ್ತು ಕೊಟ್ಟು ಕಲಿಸಿದ್ದು ಎಂಬುದು ಅವಳಿಗೆ ತಡೆಯಲಾರದ ಸಂಕಟವಾಗಿತ್ತು.

ನಾದಿನಿ ಪಕ್ಕದಲ್ಲಿ ಬಂದು ಕೂತಳು. "ಹಕ್ಕಿಗೆ ಹಿತ್ತಲು ಯಾವುದು, ಮುಂಬಾಗಿಲು ಯಾವುದು ಅಂತ ಗೊತ್ತಾಗಲ್ಲ ಅತ್ತಿಗೆ. ಮನುಷ್ಯರ ಹತ್ರ ಹೋದ್ರೆ ಊಟ ಸಿಗುತ್ತೆ, ಅಷ್ಟೇ ಅದು ಕಲಿತಿರೋದು. ಅವು ಕಳ್ಳರಲ್ಲ, ಕರೆದ ಮನೆಗೆ ಬಂದ ನೆಂಟರು. ಕರೆದೋರು ನಾವು."

"ನಾನು ನಿಲ್ಲಿಸಿಬಿಟ್ರೆ ಪಾಪ, ಸತ್ತು ಹೋಗಲ್ವೇನೇ?"

"ಎದುರಿಗೆ ಅಷ್ಟು ದೊಡ್ಡ ಸಮುದ್ರ ಇದೆ. ನೀವು ಅಂಗಡಿ ಇಡೋಕೆ ಮುಂಚೆ ಅವು ಏನು ಉಪವಾಸ ಇದ್ವಾ? ಒಣ ಬನ್ನು ಅವಕ್ಕೂ, ಅವುಗಳ ಮರಿಗೂ ಒಳ್ಳೇದಲ್ಲ."

ಮಾರನೆಯ ದಿನ ಬಡಗಿ ಒಂದು ಹಳೇ ಡ್ರಮ್ಮಿಗೆ ಭಾರದ ಮುಚ್ಚಳ ಮಾಡಿ, ಕೊಕ್ಕಿನಿಂದ ಎತ್ತಲಾಗದಂತೆ ಚಿಲಕ ಹಾಕಿಕೊಟ್ಟ. ಮೀನಿನ ತಲೆ, ಕರುಳು, ಒಣ ಬನ್ನು ಎಲ್ಲ ಅದರೊಳಕ್ಕೆ. ಕಸದ ಗಾಡಿ ಬಂದಾಗಲೇ ಹೊರಗೆ. ಬೆಂಚು ಮೇಜುಗಳನ್ನೆಲ್ಲ ಬಯಲಿನಿಂದ ಎತ್ತಿ, ಸೂರಿನ ನೆರಳಿಗೆ, ಗೋಡೆಗೆ ಒತ್ತಿಸಿ ಹಾಕಿದರು. ಬಂದವರಿಗೆಲ್ಲ ಅಕ್ಕ ಚಹಾದ ಜೊತೆಗೇ ಒಂದು ಮಾತು ಕೊಡುತ್ತಿದ್ದಳು. "ಬೆನ್ನು ಗೋಡೆಗೆ ಕೊಟ್ಟು ಕೂತ್ಕೊಳ್ಳಿ. ಕಡಲಕಾಗೆ ಹಿಂದಿನಿಂದ ಬರೋ ಜಾತಿ. ಹತ್ರ ಬಂದ್ರೆ ಓಡಬೇಡಿ, ಕೂಗಬೇಡಿ, ಅದನ್ನೇ ದಿಟ್ಟಿಸಿ ನೋಡಿ. ನೋಡ್ತಾ ಇರೋರ ಹತ್ರ ಬರೋಕೆ ಹಿಂದೆ ಮುಂದೆ ನೋಡುತ್ತೆ. ತಿಂದು ಉಳಿದದ್ದು ನೆಲಕ್ಕೆ ಬೇಡ, ಡ್ರಮ್ಮಿಗೆ."

ಮೊದಲ ಕೆಲವು ದಿನ ಕಾಟ ಕಮ್ಮಿಯಾಗುವ ಬದಲು ದುಪ್ಪಟ್ಟಾಯಿತು. ಹಕ್ಕಿಗಳು ಡ್ರಮ್ಮಿನ ಮೇಲೆ ಕೂತು ಕುಕ್ಕಿದವು, ಹಿತ್ತಲ ಬಾಗಿಲು ಬಡಿದವು, ಬೆಳಗಾಗುವ ಮೊದಲೇ ಅರಚಿ ಬೀದಿಯನ್ನೆಲ್ಲ ಎಬ್ಬಿಸಿದವು. ಕುಂಟಪ್ಪ ಹೊಸಿಲ ಮೇಲೆ ಒಂಟಿ ಕಾಲಲ್ಲಿ ನಿಂತು ಅಕ್ಕನ ಮುಖ ನೋಡುತ್ತಿತ್ತು. ಒಂದು ಸಲವಂತೂ ಅಕ್ಕನ ಕೈ ತಾನಾಗಿಯೇ ಮೀನಿನ ತಲೆಯ ಕಡೆ ಹೋಯಿತು. ಮೇಜಿನ ಕೆಳಗೆ ಕಿವಿ ಮುಚ್ಚಿ ಕೂತಿದ್ದ ಮಗಳು ಕಣ್ಣಿಗೆ ಬಿದ್ದಳು. ಅಕ್ಕ ಹಲ್ಲು ಕಚ್ಚಿ ಕೈ ಹಿಂದಕ್ಕೆ ತೆಗೆದುಕೊಂಡಳು.

ಆಮೇಲೆ ನೋಡಿದರೆ, ತಾನೊಬ್ಬಳು ನಿಲ್ಲಿಸಿದರೆ ಸಾಲದು. ಐಸ್‌ಕ್ರೀಮ್ ಮಾವ ಮುರಿದ ಕೋನುಗಳನ್ನು ಗಾಡಿಯ ಪಕ್ಕದಲ್ಲೇ ಚೆಲ್ಲುತ್ತಿದ್ದ. ಅಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ ಹೊರಟಳು.

"ಮಾವ, ನಾನು ಬಾಗಿಲು ಹಾಕಿ ಏನು ಬಂತು? ನೀವು ಕಿಟಕಿ ತೆರೆದಿಟ್ಟಿದ್ದೀರಲ್ಲ!"

"ನಾನೊಬ್ಬ ನಾಲ್ಕು ಕೋನು ಬಿಸಾಕಿದ್ರೆ ಏನಾಗುತ್ತಮ್ಮ?"

"ನಾನೂ ಹಾಗೇ ಅಂದ್ಕೊಂಡಿದ್ದೆ. ನನ್ನ ಮಗಳ ಬೆರಳು ನೋಡಿ."

ಮಾವ ಬಗ್ಗಿ, ಚೆಲ್ಲಿದ್ದ ಕೋನುಗಳನ್ನು ಆಯ್ದುಕೊಂಡ. ಅಂದಿನಿಂದ ಕೋನುಗಳೂ ಡ್ರಮ್ಮಿಗೆ ಬಿದ್ದವು. ಒಬ್ಬರನ್ನು ನೋಡಿ ಒಬ್ಬರು, ಮೀನಿನ ಕಟ್ಟೆಯವರು, ಹೋಟೆಲಿನವರು, ಮನೆಗಳವರು, ಎಲ್ಲರೂ ಕಸಕ್ಕೆ ಮುಚ್ಚಳ ಮಾಡಿಕೊಂಡರು.

ಅಷ್ಟರಲ್ಲಿ ಚಾವಣಿಯ ಗೂಡಿನಿಂದ ಒಂದು ಮರಿ ಹಿತ್ತಲಿಗೆ ಬಿತ್ತು. ಹತ್ತಿರ ಹೋದವರ ತಲೆಗೆ ತಾಯಿ ಹಕ್ಕಿ ಮೇಲಿನಿಂದ ಎರಗತೊಡಗಿತು. ಬಡಗಿ ಕೋಲು ಹುಡುಕಿದ. ಈ ಸಲ ತಡೆದದ್ದು ಅಂಗಡಿಯಕ್ಕ. "ಬಿಡ್ರೀ. ಅದಕ್ಕೂ ಬಟಾಣಿಯಂಥ ಒಂದು ಮರಿ. ನಾನಾಗಿದ್ರೂ ಹಾಗೇ ಎರಗ್ತಿದ್ದೆ." ಮರಿ ಹಾರಲು ಕಲಿಯುವವರೆಗೂ ಆ ಕಡೆ ಯಾರೂ ಹೋಗದಂತೆ ನೋಡಿಕೊಂಡರು. ಹೋಗಲೇಬೇಕಾದಾಗ ಕೊಡೆ ಬಿಚ್ಚಿ ಹಿಡಿದು ಹೋದರು. ಮರಿಗಳೆಲ್ಲ ಹಾರಿ ಗೂಡು ಖಾಲಿಯಾದ ಮೇಲೆ ಬಡಗಿ ಊರಿನ ಕಚೇರಿಯಲ್ಲಿ ಅನುಮತಿ ಪಡೆದು, ಗೂಡು ತೆಗೆದು, ಮುಂದಿನ ವರ್ಷ ಅಲ್ಲಿ ಕಟ್ಟದಂತೆ ತಂತಿ ಎಳೆದ.

ಬೀದಿ ಪೂರ್ತಿ ಹಕ್ಕಿಯಿಲ್ಲದೆ ಹೋಗಲಿಲ್ಲ. ಕಡಲು ಇರುವವರೆಗೂ ಅವು ಇರುತ್ತವೆ, ಇರಲಿ. ಆದರೆ ಮೊದಲಿನ ಹಿಂಡು ಕರಗಿತು. ಒಂದೊಂದು ಬಂದು, ಸುತ್ತು ಹೊಡೆದು, ಏನೂ ಸಿಗದೆ ನೀರಿನ ಕಡೆ ಹೋಗುತ್ತಿತ್ತು.

ಒಂದು ದಿನ ಬಟಾಣಿ ತಾನಾಗಿಯೇ ಮೇಜಿನ ಕೆಳಗಿನಿಂದ ಹೊರಗೆ ಬಂದಳು. ಹೊಸಿಲ ಮೇಲೆ ಸ್ವಲ್ಪ ಹೊತ್ತು ನಿಂತಳು. ಕೈಯಲ್ಲಿ ಬನ್ನು. ಹೋಗಿ ಬೆಂಚಿನ ಮೇಲೆ ಕೂತು, ಬೆನ್ನನ್ನು ಗೋಡೆಗೆ ಒತ್ತಿಕೊಂಡಳು. ಅಕ್ಕ ಒಲೆಯ ಮುಂದಿನಿಂದಲೇ ನೋಡುತ್ತಾ ನಿಂತಳು.

ಕುಂಟಪ್ಪ ಬಂತು. ಎದುರಿನ ಕಟ್ಟೆಯ ಮೇಲೆ ಇಳಿದು ಕತ್ತು ವಾಲಿಸಿ ಬನ್ನನ್ನು ನೋಡಿತು. ಬಟಾಣಿ ಬನ್ನನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಕಣ್ಣು ಕೀಳದೆ ಅದನ್ನೇ ದಿಟ್ಟಿಸಿದಳು. ಕುಂಟಪ್ಪ ಒಂದು ಹೆಜ್ಜೆ ಮುಂದಿಟ್ಟಿತು, ನಿಂತಿತು, ಹಿಂದೆ ಸರಿಯಿತು. ಕೊನೆಗೆ ರೆಕ್ಕೆ ಬಿಚ್ಚಿ ಅಲೆಗಳ ಮೇಲೆ ಹಾರಿಹೋಗಿ, ನೀರಿಗೆ ಎರಗಿ, ಕೊಕ್ಕಿನಲ್ಲಿ ಮಿರಿಮಿರಿ ಮಿಂಚುವ ಒಂದು ಮೀನು ಹಿಡಿದು ಎದ್ದಿತು.

"ಅಮ್ಮಾ, ಬಾ ಇಲ್ಲಿ! ಕುಂಟಪ್ಪಂಗೆ ಮೀನು ಹಿಡಿಯೋಕೆ ಬರುತ್ತೆ!"

ಅಂಗಡಿಯಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು. "ಬರುತ್ತೆ ಕಂದಾ. ನಾನೇ ಮರೆಸಿಬಿಟ್ಟಿದ್ದೆ."

ಬಟಾಣಿ ಬನ್ನನ್ನು ಕೊನೆಯ ಚೂರಿನವರೆಗೂ ತಿಂದಳು. ಕೈಗೆ ಬಂದ ತುತ್ತು ಆ ದಿನ ಬಾಯಿಗೂ ಬಂತು.

ಕಡಲ ಹತ್ತಿರ ಬಾಳುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಹಿತ್ತಲಲ್ಲೂ ಒಂದು ಬಕೆಟ್ಟು ಇದೆಯೇ, ಇವತ್ತೇ ನೋಡಿ. ಕಡಲಕಾಗೆಗೆ ತುತ್ತು ಹಾಕಬೇಡಿ, ಕಲ್ಲು ಹೊಡೆಯಬೇಡಿ, ವಿಷವಂತೂ ಬೇಡವೇ ಬೇಡ. ಕಸಕ್ಕೆ ಗಟ್ಟಿ ಮುಚ್ಚಳ ಹಾಕಿ. ಮರಿಯಿರುವ ಗೂಡನ್ನು ಮುಟ್ಟಬೇಡಿ. ಕೊಕ್ಕು ತಾಗಿ ಗಾಯವಾದರೆ ಸೋಪು ನೀರಿನಲ್ಲಿ ತೊಳೆದು ಆಸ್ಪತ್ರೆಗೆ ತೋರಿಸಿ. ಇಷ್ಟನ್ನು ನೀವು ಮಾಡಿ, ಪಕ್ಕದ ಮನೆಗೂ ಹೋಗಿ ಹೇಳಿ, ಏಕೆಂದರೆ ಒಂದು ಮನೆಯ ಮುಚ್ಚಳ ಒಂದು ಬೀದಿಗೆ ಸಾಲುವುದಿಲ್ಲ. ಕಡಲು ಹಕ್ಕಿಗೆ ಊಟ ಹಾಕಲಿ. ನಮ್ಮ ಮಕ್ಕಳು ಹೊರಗೆ ಕೂತು ನೆಮ್ಮದಿಯಾಗಿ ತಮ್ಮ ಬನ್ನು ತಿನ್ನಲಿ.