ಥೇಡಿ ಲೂಬಿಯ ಕಲ್ಲು

ವಿನಿ ಲೂಬಿ ತನ್ನ ಮುತ್ತಾತನ ಚರಿತ್ರೆಯ ಬೆನ್ನು ಹತ್ತಿ ಹೊರಟಾಗ ಮೊದಲು ಮಾತು ಬಿಟ್ಟವಳು ಅವಳ ಸೋದರತ್ತೆ ಡೆಲಿಯಾ. ಥೇಡಿ ಲೂಬಿ ಕುರಿ ಸಾಕಲು ಬಂದವನಲ್ಲ, ಐರ್ಲೆಂಡಿನ ಟಿಪ್ಪರೆರಿಯಲ್ಲಿ ಜಮೀನ್ದಾರನ ಕಾರಕೂನನ ಹುಲ್ಲುಬಣವೆಗೆ ಬೆಂಕಿಯಿಟ್ಟು, ಕೋಳ ತೊಡಿಸಿಕೊಂಡು, ಕೈದಿಯಾಗಿ ಸಿಡ್ನಿಗೆ ಬಂದಿಳಿದವನು ಅಂತ ವಿನಿ ಹೇಳಿದ್ದೇ ತಡ, ಅತ್ತೆ ಟೀ ಲೋಟ ಕೆಳಗಿಟ್ಟಳು.

“ನಮ್ಮ ತಾತ ಮರ್ಯಾದಸ್ಥ. ಯಾರ ಮನೆ ಬಣವೇನೂ ಸುಟ್ಟೋನಲ್ಲ. ನಿನಗೆ ಬೇರೆ ಕೆಲಸ ಇಲ್ವೇನೇ?”

ಅಷ್ಟೇ. ಎರಡು ವರ್ಷ ಚರ್ಚಿನಲ್ಲಿ ವಿನಿ ಕೂತ ಬೆಂಚಿನ ಹತ್ತಿರವೂ ಅವಳು ಸುಳಿಯಲಿಲ್ಲ. ಎದುರು ಸಿಕ್ಕರೆ ಮುಖ ತಿರುಗಿಸಿಕೊಂಡು ಕುರಿಗಳ ಕಡೆ ನೋಡುತ್ತಿದ್ದಳು. ಯಾಸ್ ಊರಿನ ಆಚೆಯ ಆ ಬೋಳು ಗುಡ್ಡಗಳಲ್ಲಿ ನೋಡಲು ಕುರಿಗಳಿಗೇನು ಬರವೇ!

ಆಮೇಲೆ ಗಾಳಿ ತಿರುಗಿತು. ಕೈದಿಗಳ ಮೊದಲ ಹಡಗು ಆಸ್ಟ್ರೇಲಿಯಾಕ್ಕೆ ಬಂದು ಇನ್ನೂರು ವರ್ಷವಾಗುತ್ತದೆ ಅಂತ ದೇಶವೆಲ್ಲ ಗದ್ದಲವೆದ್ದಾಗ, ನಿನ್ನೆಯವರೆಗೆ ಕೈದಿ ತಾತಂದಿರನ್ನು ಬಚ್ಚಿಟ್ಟವರೆಲ್ಲ ಇವತ್ತು ನನಗೊಬ್ಬ ನಿನಗೊಬ್ಬ ಅಂತ ಹುಡುಕಾಡತೊಡಗಿದರು. ಪಕ್ಕದ ಜಮೀನಿನ ಒಗಿಲ್ವಿ ಹೆಂಗಸು ಎಷ್ಟು ಹುಡುಕಿದರೂ ಅವಳ ವಂಶದಲ್ಲಿ ಒಬ್ಬ ಜೇಬುಗಳ್ಳನೂ ಸಿಗಲಿಲ್ಲ.

“ಪಾಪ, ಅವಳಿಗೆ ಒಬ್ಬ ಕೋಳಿ ಕಳ್ಳನೂ ಗತಿಯಿಲ್ಲ ಕಣೇ,” ಅಂತ ಡೆಲಿಯಾ ಅತ್ತೆ ವಿನಿಯ ಅಡುಗೆಮನೆಗೆ ಬಂದು ಕೂತಳು. “ನಮ್ಮ ತಾತನ್ನ ನೋಡು. ಜಮೀನ್ದಾರನ ಎದುರು ನಿಂತೋನು!”

ಬಣವೆ ಸುಟ್ಟವನು ಒಂದೇ ವಾರದಲ್ಲಿ ಹುತಾತ್ಮನಾಗಿಬಿಟ್ಟ. ವಿನಿ ನಕ್ಕಳು, ಆದರೆ ಅವಳ ಮನಸ್ಸು ತುಂಬಿಬಂತು. ಥೇಡಿ ಮಲಗಿದ್ದ ಜಾಗದಲ್ಲಿ ಹೆಸರಿಲ್ಲದ ಕಾಡುಗಲ್ಲೊಂದು ಬಿಟ್ಟರೆ ಬೇರೇನೂ ಇರಲಿಲ್ಲ. ಅಲ್ಲೊಂದು ನಿಜವಾದ ಕಲ್ಲು ನಿಲ್ಲಿಸಬೇಕು, ಅದರ ಮೇಲಿನ ಬಟ್ಟೆಯನ್ನು ಅವನ ಮೊಮ್ಮಕ್ಕಳಲ್ಲಿ ಉಳಿದಿರುವ ಒಬ್ಬಳೇ ಒಬ್ಬಳು, ಎಂಬತ್ತಾರರ ಅತ್ತೆ, ತನ್ನ ಕೈಯಾರೆ ಸರಿಸಬೇಕು. ಇಷ್ಟು ವರ್ಷ ವಿನಿ ಹುಡುಕಿದ್ದು ಇದಕ್ಕೇ. ಅತ್ತೆ ಇನ್ನೆಷ್ಟು ದಿನ ಇರುತ್ತಾಳೆ? ಈಗ ತಪ್ಪಿದರೆ ತಪ್ಪಿದಂತೆಯೇ.

ಕಲ್ಲು ಸಿದ್ಧವಾಯಿತು. ಮೇಲೆ ಥೇಡಿ, ಕೆಳಗೆ “ಅವನ ಪತ್ನಿ ಆನರಾ”, ಅದರ ಕೆಳಗೆ ಕಾರ್ನೀಲಿಯಸ್‌ನಿಂದ ಶುರುವಾಗಿ ಹತ್ತು ಮಕ್ಕಳ ಹೆಸರು. ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ನಿಲ್ಲಿಸುವುದೆಂದು ಗೊತ್ತಾಯಿತು. ಕ್ವೀನ್ಸ್‌ಲ್ಯಾಂಡಿನಿಂದಲೂ ನೆಂಟರು ಹೊರಟರು.

ಎಲ್ಲರಿಗಿಂತ ಮುಂಚೆ, ಗುರುವಾರವೇ, ಐರ್ಲೆಂಡಿನಿಂದ ಮಾಸಿ ಎಂಬ ಮುದುಕ ಬಂದ. ವಿನಿ ಟಿಪ್ಪರೆರಿಯ ಪತ್ರಿಕೆಯಲ್ಲಿ ಥೇಡಿಯ ಬಂಧುಗಳನ್ನು ಕೇಳಿ ಹಾಕಿಸಿದ್ದ ನಾಲ್ಕು ಸಾಲು ನೋಡಿ “ಥೇಡಿ ನಮ್ಮವನೇ” ಅಂತ ಒಂದೇ ಮಾತು ಬರೆದಿದ್ದವನು. ಥೇಡಿಯ ತಮ್ಮನ ಕಡೆಯವನಿರಬೇಕು ಅಂದುಕೊಂಡಿದ್ದರು. ಎಪ್ಪತ್ತು ದಾಟಿದ, ಸೌದೆಯಂತೆ ಒಣಗಿದ ಮನುಷ್ಯ, ತೊಡೆಯ ಮೇಲೆ ಹ್ಯಾಟಿಟ್ಟುಕೊಂಡು ಕೂತ. ಕೇಳಿದ್ದಕ್ಕೆ ಉತ್ತರ, ಕೊಟ್ಟಿದ್ದಕ್ಕೆ ಬಾಯಿ. ಅತ್ತೆ ಅವನಿಗೆ ಹಣ್ಣಿನ ಕೇಕು ಕೊಯ್ದು ಕೊಯ್ದು ಬಡಿಸಿದಳು, ಆಮೇಲೆ ಕೊಟ್ಟಿಗೆಗೆ ಕರೆದೊಯ್ದು ಕಲ್ಲು ತೋರಿಸಿದಳು.

ಮಾಸಿ ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗೆ ಓದಿದ. ಮತ್ತೆ ಮೇಲಕ್ಕೆ ಹೋಗಿ ಓದಿದ.

“ಚೆನ್ನಾಗಿದೆ,” ಅಂದ. ಅಂದವನು ಬಾಗಿಲಾಚೆಯ ಗುಡ್ಡ ನೋಡುತ್ತಾ ನಿಂತುಬಿಟ್ಟ. ಈ ಮನುಷ್ಯ ಕೇಕಿನ ಜೊತೆ ಇನ್ನೇನನ್ನೋ ನುಂಗುತ್ತಿದ್ದಾನೆ ಅಂತ ವಿನಿಗೆ ಅನ್ನಿಸಿತು.

ಆ ಸಂಜೆ ಕುರಿಮಾಂಸದ ಊಟವಾದ ಮೇಲೆ ಅತ್ತೆಯ ಅಡುಗೆಮನೆಯಲ್ಲೇ, ಮಣಿ ಎಣಿಸುತ್ತಾ ಹೇಳುವ ಜಪಸರಕ್ಕೆ ಮಂಡಿಯೂರಿದರು. ಲೂಬಿ ಮನೆಯಲ್ಲಿ ಜಪಸರ ಮುಗಿದರೆ ಏಳುವ ಹಾಗಿಲ್ಲ, ಅದಕ್ಕೊಂದು ಬಾಲಂಗೋಚಿ ಉಂಟು. ಸತ್ತವರಿಗೊಂದು ನಮೋ ಮರಿಯಾ ಪ್ರಾರ್ಥನೆ, ಹಾಸಿಗೆ ಹಿಡಿದವರಿಗೊಂದು, ಮಳೆಗೊಂದು, ಗೊರಸು ಕೊಳೆತ ಟಗರಿಗೂ ಒಂದು. ಅತ್ತೆ ಹೆಸರು ಹೇಳುವುದು, ಉಳಿದವರು ದನಿಗೂಡಿಸುವುದು. ಚಿಕ್ಕಂದಿನಿಂದ ಇದನ್ನು ಕೇಳಿ ಕೇಳಿ ವಿನಿಯ ಕಿವಿ ಜಡ್ಡುಗಟ್ಟಿತ್ತು. ಮಂಡಿಗೆ ಯಾವಾಗ ಬಿಡುವು ಸಿಕ್ಕೀತು ಅನ್ನುವುದೊಂದೇ ಅವಳ ಯೋಚನೆ.

“ಮಾರ್ಗರೆಟ್‌ಗೆ,” ಅಂದಳು ಅತ್ತೆ ಕಣ್ಣುಮುಚ್ಚಿ. “ಮಗು ಬ್ಯಾಟ್‌ಗೆ. ನಮೋ ಮರಿಯಾ...”

ವಿನಿಯೊಬ್ಬಳ ದನಿಯೇ ಕೇಳಿತು. ಮಾಸಿ ಕುರ್ಚಿಯ ಬೆನ್ನು ಹಿಡಿದುಕೊಂಡು ಅತ್ತೆಯನ್ನೇ ನೋಡುತ್ತಿದ್ದ.

“ಯಾರಮ್ಮಾ ಅವರು?”

ಜಪದ ನಡುವೆ ಮಾತಾಡಿದ್ದಕ್ಕೆ ಅತ್ತೆಗೆ ರೇಗಿತು. “ನನಗೇನು ಗೊತ್ತಪ್ಪಾ? ನಮ್ಮ ಆನರಾ ಅಜ್ಜಿ ಹೇಳ್ತಿದ್ಲು. ನಾನು ಅವಳ ಪಕ್ಕದಲ್ಲೇ ಮಂಡಿ ಊರ್ತಿದ್ದೆ. ಅಜ್ಜಿ ಆದ್ಮೇಲೆ ನಮ್ಮಪ್ಪ ಹೇಳಿದ್ರು, ಈಗ ನಾನು ಹೇಳ್ತೀನಿ. ಯಾರೋ ಸತ್ತುಹೋದ ಬಂಧುಗಳು.”

“ನಿಮ್ಮ ಅಜ್ಜಿ ಹೇಳ್ತಿದ್ರಾ? ಆನರಾನೇ? ತಮ್ಮ ಬಾಯಿಂದ?”

“ಇನ್ಯಾರ ಬಾಯಿಂದ ಹೇಳ್ತಾರಯ್ಯಾ?”

ಮಾಸಿ ಕುರ್ಚಿ ಹಿಡಿದು ಮೆಲ್ಲಗೆ ಎದ್ದ. “ಬ್ಯಾಟ್ ನಮ್ಮ ತಾತ. ಥೇಡಿಗೆ ಬೇಡಿ ಹಾಕಿ ಕರ್ಕೊಂಡು ಹೋದಾಗ ಬ್ಯಾಟ್ ಎರಡು ವರ್ಷದ ಕೂಸು. ಮಾರ್ಗರೆಟ್ ಅವನ ತಾಯಿ. ಥೇಡಿಯ ಹೆಂಡತಿ.”

ಒಲೆಯ ಮೇಲಿನ ಕೆಟಲ್ ಕುದಿಯುತ್ತಿತ್ತು, ಯಾರೂ ಇಳಿಸಲಿಲ್ಲ.

“ಹೇಳಬಾರದು ಅಂತಲೇ ಇದ್ದೆ,” ಅಂದ ಮಾಸಿ. “ಹೊಟ್ಟೆ ಉರ್ಕೊಂಡೇ ಬಂದೆ. ಹೆತ್ತ ಮಗನ್ನ ಮರೆಸೋವಂಥ ಊರು ಅದ್ಯಾವುದು, ನೋಡಿಬಿಡೋಣ ಅಂತ. ನಿಮ್ಮನ್ನ ನೋಡಿದ ಮೇಲೆ ಬಾಯಿ ಬರಲಿಲ್ಲ. ನಮ್ಮನೇಲಿ ಥೇಡಿ ಹೆಸರೆತ್ತೋ ಹಾಗಿರಲಿಲ್ಲ. ಮಾರ್ಗರೆಟ್ ಮುದುಕಿಯಾಗಿ ಸತ್ತಳು, ಇನ್ನೊಂದು ಮದುವೆ ಆಗಲಿಲ್ಲ. ಅವನಿಗೋಸ್ಕರ ಒಂದು ನಮೋ ಮರಿಯಾನೂ ಹೇಳಗೊಡಲಿಲ್ಲ.” ಅವನು ಮೂಗೊರೆಸಿಕೊಂಡ. “ನಮ್ಮ ತಾತ ಎಂಬತ್ತು ದಾಟಿ ಸತ್ತ. ಇಲ್ಲಿ ಇನ್ನೂ ಮಗುವಾಗೇ ಇದ್ದಾನೆ.”

ಡೆಲಿಯಾ ಅತ್ತೆ ಮಂಡಿಯಿಂದ ಏಳಲು ವಿನಿ ಕೈಕೊಟ್ಟಳು. ಅತ್ತೆ ಆ ಕೈಯನ್ನು ಕೊಡವಿದಳು.

“ಹಾಗಾದ್ರೆ ನಮ್ಮಜ್ಜಿ ಏನು? ನಮ್ಮಪ್ಪ ಏನು?”



“ಅತ್ತೆ, ಆಗಿನ ಕಾಲದಲ್ಲಿ ತುಂಬಾ ಜನ ಹಾಗೆ ಇನ್ನೊಂದು ಮದುವೆ ಆಗ್ತಿದ್ರು,” ಅಂದಳು ವಿನಿ. “ನಡುವೆ ಸಮುದ್ರ ಬಿದ್ದು ಏಳು ವರ್ಷ ಆದ್ರೆ ಯಾರೂ ಕೇಳ್ತಿರಲಿಲ್ಲ.”

“ತುಂಬಾ ಜನ ನನ್ನ ತಾತ ಅಲ್ಲ! ಪಾದ್ರಿ ಮುಂದೆ ಸುಳ್ಳು ಹೇಳಿ ಮದುವೆಯಾದೋನಿಗೆ ನಾನು ಕಲ್ಲು ನಿಲ್ಲಿಸ್ಬೇಕಾ? ಭಾನುವಾರ ಏನೂ ಇಲ್ಲ. ಎಲ್ಲರಿಗೂ ಫೋನ್ ಮಾಡಿ ಬೇಡ ಅನ್ನು. ನಿನ್ನನ್ನ ಅಗೆಯೋಕೆ ಹೇಳಿದ್ದು ಯಾರೇ?”

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ವಿನಿ ಮಾಸಿಯನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಅವನ ಮೇಲೆ ಕೋಪ ಬರಲಿಲ್ಲ, ಬಂದಿದ್ದೆಲ್ಲ ತನ್ನ ಮೇಲೇ. ಮುದುಕಿ ತನ್ನ ಪಾಡಿಗೆ ತಾನು ನೆಮ್ಮದಿಯಾಗಿದ್ದಳು. ಕೊನೆಗಾಲದಲ್ಲಿ ಅವಳಿಗೆ ತಾತನೂ ಇಲ್ಲದಂತಾಯಿತು, ಅಜ್ಜಿಯೂ ಇಲ್ಲದಂತಾಯಿತು. ಶುಕ್ರವಾರ ಬೆಳಿಗ್ಗೆ ನಾಲ್ಕು ಮನೆಗೆ ಫೋನ್ ಮಾಡಬೇಕೆಂದು ಕೂತವಳು ಒಂದಕ್ಕೂ ಮಾಡಲಾರದೆ ಎದ್ದು, ಮಾಸಿಯನ್ನೂ ಕರೆದುಕೊಂಡು ಅತ್ತೆಯ ಮನೆಗೆ ನಡೆದಳು.

ಅತ್ತೆ ಹಿತ್ತಿಲಲ್ಲಿ ಕೋಳಿಗಳಿಗೆ ಗೋಧಿ ಎರಚುತ್ತಿದ್ದಳು. ಕಣ್ಣು ಕೆಂಪಾಗಿತ್ತು.

“ಫೋನ್ ಮಾಡಿದ್ಯಾ?”

“ಇಲ್ಲ.”

“ನೀನು ಯಾವತ್ತು ಹೇಳಿದ ಮಾತು ಕೇಳಿದ್ದೀಯ ಹೇಳು,” ಅಂದಳು. ಮಾಸಿಯ ಕಡೆ ತಿರುಗಿದಳು. “ಅಜ್ಜಿಗೆ ಗೊತ್ತಿತ್ತಲ್ಲವೇನಯ್ಯಾ? ತಾತನೇ ಹೇಳಿರ್ಬೇಕು. ನಿದ್ದೆ ಹತ್ತಲಿಲ್ಲ ನನಗೆ. ಅವಳು ಆ ಹೆಸರು ಹೇಳೋವಾಗ ಒಂದು ದಿನಾನೂ ಮುಖ ಗಂಟಿಕ್ಕಿದ್ದು ನೋಡಿಲ್ಲ. ಜ್ವರ ಬಂದು ನಾಲಿಗೆ ಎಳೀತಿದ್ದಾಗ್ಲೂ ಬಿಟ್ಟವಳಲ್ಲ. ಅವಳಿಗಿಲ್ಲದ ನಾಚಿಕೆ ನನಗ್ಯಾಕೆ? ನಾನೇನು ಅವಳಿಗಿಂತ ದೊಡ್ಡವಳಾ?”

ಕೈಯಲ್ಲಿದ್ದ ಕೊನೆಯ ಹಿಡಿ ಎರಚಿ ಏಪ್ರನ್ನಿಗೆ ಕೈ ಒರೆಸಿಕೊಂಡಳು.

“ಕಲ್ಲಿಗೆ ಮಾರ್ಗರೆಟ್ ಹೆಸರೂ ಸೇರಿಸ್ತೀನಿ. ಇಬ್ಬರೂ ಪತ್ನಿಯರೇ. ಮೇಲೆ ಹೋಗಿ ಇಬ್ಬರಿಗೂ ಅವನೇ ಉತ್ತರ ಹೇಳ್ಕೊಳ್ಲಿ.”

ಮಾಸಿ ಬೇಡವೆಂದು ತಲೆಯಾಡಿಸಿದ. “ಅವಳು ಒಪ್ಪೋಳಲ್ಲ ಅಮ್ಮಾ. ಅವಳಿಗೆ ಅವಳದೇ ಕಲ್ಲಿದೆ, ತವರುಮನೆ ಹೆಸರಲ್ಲಿ. ಹಾಗೇ ಆಗ್ಬೇಕು ಅಂತ ಹೇಳಿ ಹೋದಳು. ಅವನ ಪಕ್ಕದಲ್ಲಿ ಅವಳನ್ನ ಕೂರಿಸೋಕೆ ನನ್ನಿಂದಾಗಲ್ಲ.” ಹ್ಯಾಟನ್ನು ಒಂದು ಸುತ್ತು ತಿರುಗಿಸಿದ. “ಬ್ಯಾಟ್ ತಾತನ ಮಾತು ಬೇರೆ. ಅವನು ಸಾಯೋವರೆಗೂ ಅಪ್ಪನ್ನ ಕೇಳ್ತಿದ್ದ.”

ಅತ್ತೆ ಒಳಗೆ ಹೋಗಿ ಕಲ್ಲುಕುಟಿಗ ವಿನ್ಸ್‌ಗೆ ತಾನೇ ಫೋನ್ ಮಾಡಿದಳು. ಜಾಗವಿಲ್ಲ, ಅಂದಗೆಡುತ್ತದೆ ಅಂತ ಅವನು ಆ ತುದಿಯಲ್ಲಿ ಗೊಣಗುವುದು ವಿನಿಗೂ ಕೇಳಿಸಿತು. “ಅಂದ ಕಟ್ಕೊಂಡು ನೀನೇನು ಮದುವೆಯಾಗ್ತೀಯಾ? ಉಳಿ ತಗೊಂಡು ಬಾ,” ಅಂದು ಅತ್ತೆ ಫೋನ್ ಇಟ್ಟಳು.

ಭಾನುವಾರ ಬಿಸಿಲು ಚೆನ್ನಾಗಿತ್ತು. ಪೂಜೆ ಮುಗಿಸಿ ಜನ ಸಮಾಧಿಯ ಸುತ್ತ ಸೇರಿದರು. ಮಕ್ಕಳು, ಮರಿಮಕ್ಕಳು, ಟೋಪಿಗಳು, ತಟ್ಟೆ ತುಂಬ ಕೇಕು, ವಂಶದಲ್ಲಿ ಒಬ್ಬ ಕೈದಿಯೂ ಇಲ್ಲದ ಒಗಿಲ್ವಿ ಹೆಂಗಸು ಕೂಡ. ಮಾಸಿ ಎಲ್ಲರಿಂದ ದೂರ, ಬೇಲಿಗೆ ಒರಗಿ ನಿಂತಿದ್ದ. ಅತ್ತೆ ವಿನಿಯ ತೋಳು ಹಿಡಿದು ಮುಂದೆ ಬಂದು ಬಟ್ಟೆ ಎಳೆದಳು. ವಿನಿ ಅಳಬಾರದು ಅಂದುಕೊಂಡಿದ್ದಳು, ಆದರೂ ಅತ್ತಳು.

ಅತ್ತೆ ಗಟ್ಟಿಯಾಗಿ ಓದತೊಡಗಿದಳು. ಥೇಡಿ ಲೂಬಿ. ಅವನ ಪತ್ನಿ ಆನರಾ. ಆ ಸಾಲಿಗೂ ಮಕ್ಕಳ ಸಾಲಿಗೂ ನಡುವಿನ ಇಕ್ಕಟ್ಟಿನಲ್ಲಿ, ಉಳಿದವುಗಳಿಗಿಂತ ಸಣ್ಣದಾಗಿ, ಇನ್ನೂ ಬೆಳ್ಳಗೆ ಪುಡಿ ಹತ್ತಿದ್ದ ಹೆಸರಿನ ಮೇಲೆ ಬೆರಳಿಟ್ಟಳು.

“ಬ್ಯಾಟ್.”

ನೆಂಟರು ಮುಖ ಮುಖ ನೋಡಿಕೊಂಡರು. ಹಿರಿಮಗ ಕಾರ್ನೀಲಿಯಸ್ ಅಂತ ಹಾಲುಗಲ್ಲದ ಮಕ್ಕಳಿಗೂ ಗೊತ್ತು. ಕ್ವೀನ್ಸ್‌ಲ್ಯಾಂಡಿನ ನೆಂಟ ಕತ್ತು ಮುಂದೆ ಚಾಚಿ, “ಬ್ಯಾಟ್ ಯಾರು ಅತ್ತೆ? ಕೇಳೇ ಇಲ್ಲ,” ಅಂದ.

“ನನ್ನ ದೊಡ್ಡಪ್ಪ ಕಣೋ,” ಅಂದಳು ಡೆಲಿಯಾ ಅತ್ತೆ, ಬೇಲಿಯವರೆಗೂ ಕೇಳುವ ಹಾಗೆ. “ಅಲ್ಲಿ ನಿಂತಿದ್ದಾನಲ್ಲ, ಅವನ ಮೊಮ್ಮಗ. ಯಾಕೋ ದೂರ ನಿಂತಿದ್ದೀಯ ಮಾಸಿ? ಹಿರೀ ಮನೆಯೋನು ನೀನು, ಮುಂದೆ ಬಾ.”