ಅಪ್ಪನ ಕಣದ ಮರಳು

ಪೀಣ್ಯದ ನರಸಪ್ಪನವರಿಗೆ ಗಾಲ್ಫ್ ಹುಚ್ಚು ಹಿಡಿದಿದೆ ಅಂತ ಊರೆಲ್ಲ ಆಡಿಕೊಳ್ಳುತ್ತಿತ್ತು. ಹುಚ್ಚೂ ಅಲ್ಲ, ಮಣ್ಣಂಗಟ್ಟಿಯೂ ಅಲ್ಲ. ಅದು ಹಟ. ಅವರ ಹೊಲ ಕಾರ್ಖಾನೆಗೆ ಹೋಯಿತು. ಕಾರ್ಖಾನೆಯ ಸಾಹೇಬರು ಷೆಡ್ಡು ಕಟ್ಟಿ ಉಳಿದ ಜಾಗದಲ್ಲಿ ಹುಲ್ಲು ಬೆಳೆಸಿ ಗಾಲ್ಫ್ ಮೈದಾನ ಮಾಡಿದರು, ಜಮೀನು ಕೊಟ್ಟ ಹಿರಿಯರಿಗೆ ಮರ್ಯಾದೆ ಇರಲಿ ಅಂತ ಸದಸ್ಯತ್ವವನ್ನೂ ಕೊಟ್ಟರು. ಬೇರೆಯವರಾಗಿದ್ದರೆ ಅದನ್ನು ಅಲ್ಲಿಗೇ ಮರೆತು ಹಾಯಾಗಿರುತ್ತಿದ್ದರು. ನರಸಪ್ಪನವರು ಮರೆಯುವ ಕುಳವೇ? ನಮ್ಮ ಹೊಲದಲ್ಲಿ ಕಂಡೋರೆಲ್ಲ ಆಡೋದು, ನಾವು ಬೇಲಿ ಆಚೆ ನಿಂತು ನೋಡೋದು, ಇದ್ಯಾವ ನ್ಯಾಯ ಅಂತ ಪಂಚೆ ಬಿಚ್ಚಿಟ್ಟು ಪ್ಯಾಂಟು ಹೊಲಿಸಿಕೊಂಡರು. ಊರಿಗೆ ತಿರುಗಿ ಹೋಗುತ್ತಿದ್ದ ಸಾಹೇಬರೊಬ್ಬರ ಹಳೇ ಕೋಲುಗಳನ್ನು ಕೊಂಡರು. ನೇಗಿಲು ಹಿಡಿದ ಕೈ, ಚೆಂಡಿಗೆ ಒಂದು ಬಿಟ್ಟರೆ ಅದು ಹದ್ದಿನ ಹಾಗೆ ಹೋಗುತ್ತಿತ್ತು.

ಅವರನ್ನು ನೋಡಿ ಅವರ ಬೀಗರು ಲಕ್ಷ್ಮಣಪ್ಪನವರೂ ಸೇರಿಕೊಂಡರು. ನರಸಪ್ಪನವರ ಮಗಳನ್ನು ಸೊಸೆ ಮಾಡಿಕೊಂಡವರು, ಅವರ ಹೊಲವೂ ಅದೇ ಕಾರ್ಖಾನೆಗೆ ಹೋಗಿತ್ತು. ಬೀಗತನ ಅಂದಮೇಲೆ ಕೇಳಬೇಕೆ? ಊಟಕ್ಕೆ ಕೂತರೂ ಪೈಪೋಟಿ, ಆಟಕ್ಕೆ ನಿಂತರೂ ಪೈಪೋಟಿ.

ನರಸಪ್ಪನವರ ಮಾನ ಹೋಗುತ್ತಿದ್ದದ್ದು ಒಂದೇ ಜಾಗದಲ್ಲಿ, ಚೆಂಡು ಬೀಳಿಸಬೇಕಾದ ಕೊನೆಯ ಗುಳಿಯ ಪಕ್ಕದ ಮರಳ ಹಳ್ಳದಲ್ಲಿ. ಆಟದವರು ಅದನ್ನು ಬಂಕರ್ ಅನ್ನುತ್ತಾರೆ. ನರಸಪ್ಪನವರಿಗೆ ಅದು ಕಣ. ಅವರ ಅಪ್ಪ ಹನುಮಂತರಾಯಪ್ಪ ರಾಗಿ ತುಳಿಸುತ್ತಿದ್ದ ಕಣವನ್ನೇ ಸಾಹೇಬರು ಅಗೆದು ಮರಳು ತುಂಬಿದ್ದರು. ಅಪ್ಪನ ಕಾಲದಲ್ಲಿ ಆ ಕಣಕ್ಕೆ ಯಾರೂ ಮೆಟ್ಟು ಹಾಕಿಕೊಂಡು ಇಳಿಯುವ ಹಾಗಿರಲಿಲ್ಲ. ಒಮ್ಮೆ ಬೂಟು ಹಾಕಿಕೊಂಡು ಬಂದ ಅಮಲ್ದಾರರನ್ನೇ ಹನುಮಂತರಾಯಪ್ಪ ಕೈ ಮುಗಿದು ತಡೆದಿದ್ದರು. ಅಮಲ್ದಾರರು ಬೂಟು ಬಿಚ್ಚಿದ ಮೇಲೇ ರಾಗಿ ರಾಶಿಯ ಹತ್ತಿರ ಬಂದದ್ದು. ಅಂಥ ಕಣದಲ್ಲಿ ಮಗನ ಚೆಂಡು ಬಿತ್ತೆಂದರೆ ಮುಗಿಯಿತು, ಹೊಡೆದಷ್ಟೂ ಒಳಗೇ ಹೂತುಕೊಳ್ಳುತ್ತಿತ್ತು. ಮೈದಾನದಲ್ಲಿ ವರ್ಷಕ್ಕೊಮ್ಮೆ ನಡೆಯುವ ಪಂದ್ಯದ ಕಪ್ಪೂ ಹೋದ ಸಲ ಅಲ್ಲೇ ಕೈ ಬಿಟ್ಟಿತ್ತು. ‘ನಮ್ ಬೀಗ್ರು ಇನ್ನೂ ಒಕ್ಕಣೆ ಮಾಡ್ತಾವ್ರೆ, ಕಾಯೋಣ ಇರಿ’ ಅಂತ ಲಕ್ಷ್ಮಣಪ್ಪನವರು ಸಾಹೇಬರ ಮುಂದೆ ನಗಾಡಿದ್ದರು. ಆ ನಗು ನರಸಪ್ಪನವರ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು. ಬೇರೆಲ್ಲಾದರೂ ಸೋತರೆ ಸೋಲಲಿ, ಅಪ್ಪನ ಕಣದಲ್ಲಿ ಸೋತು ನಗೆಪಾಟಲಾಗುವುದೇ? ಈ ಸಲವೂ ಹಾಗಾದರೆ ಕೋಲುಗಳನ್ನು ಅಟ್ಟಕ್ಕೆ ಹಾಕುತ್ತೇನೆ ಅಂತ ಹೆಂಡತಿ ಚಿಕ್ಕಮುನಿಯಮ್ಮನ ಮುಂದೆ ಹೇಳಿಬಿಟ್ಟರು.

ಹೇಳಿ ಮಾಡಿದ ಮೊದಲ ಕೆಲಸ ಏನು ಗೊತ್ತೇ? ಮರಳಿನಿಂದ ಚೆಂಡು ಎಬ್ಬಿಸಲು ಒಂದು ಕೋಲುಂಟು, ವೆಡ್ಜ್ ಅಂತ. ತಲೆ ಭಾರ, ಮುಖ ಆಕಾಶಕ್ಕೆ, ಹೊಟ್ಟೆ ದಪ್ಪ. ಬಿತ್ತನೆಗೆ ಮುಂಚೆ ನೇಗಿಲ ಕುಳವನ್ನು ಕುಲುಮೆಗೆ ಒಯ್ದು ಹರಿತ ಮಾಡಿಸುವುದು ನಮ್ಮವರ ಪದ್ಧತಿ. ನೆಲಕ್ಕೆ ಇಳಿಯುವ ಕಬ್ಬಿಣ ಮೊಂಡಾದರೆ ಕೆಲಸ ಮಾಡೀತೇ? ನರಸಪ್ಪನವರು ವೆಡ್ಜನ್ನೂ ಕುಲುಮೆಗೆ ಒಯ್ದರು. ಅದರ ದಪ್ಪ ಹೊಟ್ಟೆ ತಟ್ಟಿಸಿ, ಅಂಚು ಎಳೆಸಿ, ಗುದ್ದಲಿಯಂತೆ ಹರಿತ ಮಾಡಿಸಿಕೊಂಡು ಮೀಸೆ ತಿರುವುತ್ತಾ ಬಂದರು. ಮಾರನೆಯ ದಿನ ಮರಳಿಗೆ ಬೀಸಿದರೆ ಕೋಲು ನೆಟ್ಟಗೆ ಇಳಿದು ಹೂತು ನಿಂತಿತು, ಕೀಳಲು ಎರಡು ಕೈ ಬೇಕಾಯಿತು.

ಮೈದಾನದಲ್ಲಿ ಆಟ ಕಲಿಸುತ್ತಿದ್ದ ವೆಂಕಟಪ್ಪ ಆ ಕೋಲನ್ನು ನೋಡಿ ಹಣೆ ಚಚ್ಚಿಕೊಂಡ. ಆ ಹೊಟ್ಟೆ ಇರುವುದೇ ಕೋಲು ಮರಳೊಳಗೆ ಮುಳುಗದೆ ಜಾರಲಿ ಅಂತ, ಅದನ್ನೇ ತೆಗೆಸಿದ್ದೀರಲ್ಲ ಅಂದ. ನರಸಪ್ಪನವರ ಮುಖ ಇಷ್ಟು ಸಣ್ಣದಾಯಿತು. ಆದರೆ ಕೇಳಿ ಕಲಿಯುವುದಕ್ಕೆ ಅವರು ಯಾವತ್ತೂ ನಾಚಿದವರಲ್ಲ. ಇಬ್ಬರೂ ಸೇರಿ ಕೋಲನ್ನು ಆಂಜಿನಪ್ಪನ ವರ್ಕ್‌ಶಾಪಿಗೆ ಒಯ್ದರು. ನರಸಪ್ಪನವರ ಷೆಡ್ಡಿನಲ್ಲೇ ಬಾಡಿಗೆಗಿದ್ದ ಆಂಜಿನಪ್ಪ ಲೇತು, ಗ್ರೈಂಡರು ಇಟ್ಟುಕೊಂಡಿದ್ದವನು.

ಎರಡು ಕಬ್ಬಿಣ ಒಂದಕ್ಕೊಂದು ಸರಿಯಾಗಿ ಕೂರುತ್ತವೆಯೇ ಅಂತ ನೋಡಲು ಫಿಟ್ಟರುಗಳು ನೀಲಿ ಬಣ್ಣ ಹಚ್ಚುತ್ತಾರೆ. ಆಂಜಿನಪ್ಪ ಮೊದಲು ವೆಲ್ಡಿಂಗ್ ತುಂಬಿ, ಉಜ್ಜಿ, ಕೋಲಿಗೆ ಅದರ ಹೊಟ್ಟೆಯನ್ನು ವಾಪಸು ಕೊಟ್ಟ. ಆಮೇಲೆ ಅದರ ಅಡಿಭಾಗಕ್ಕೆ ಆ ನೀಲಿ ಹಚ್ಚಿ, ಹಲಗೆಯ ಮೇಲೆ ಬೀಸಿ ಅಂತ ನರಸಪ್ಪನವರಿಗೆ ಅಂದ. ಹಲಗೆಗೆ ತಾಗಿ ನೀಲಿ ಅಳಿಸಿದ್ದು ಹಿಡಿಕೆಯ ಕಡೆಯ ಮೂಲೆಯಲ್ಲಿ ಮಾತ್ರ, ತುದಿಯಲ್ಲಿ ಹಾಗೇ ಇತ್ತು. ಎತ್ತರದ ಸಾಹೇಬರಿಗೆ ಮಾಡಿದ ಕೋಲು ಗಿಡ್ಡ ಆಳಿನ ಕೈಗೆ ಬಂದರೆ ತುದಿ ಎದ್ದು ನಿಲ್ಲದೆ ಇನ್ನೇನು? ಹಿಡಿಕೆಯಲ್ಲಿ ಎರಡು ಬೆರಳಷ್ಟು ಕತ್ತರಿಸಿದ್ದಾಯಿತು, ಕೋಲಿನ ಕುತ್ತಿಗೆಯನ್ನು ಬಿಗಿಯಾಗಿ ಕಚ್ಚಿ ಹಿಡಿಯುವ ವೈಸಿಗೆ ಸಿಕ್ಕಿಸಿ ಬಗ್ಗಿಸಿದ್ದಾಯಿತು. ಹಚ್ಚುವುದು, ಬೀಸುವುದು, ಬಗ್ಗಿಸುವುದು, ಮತ್ತೆ ಹಚ್ಚುವುದು. ಕೊನೆಗೆ ನೀಲಿ ನಡುಮಧ್ಯಕ್ಕೆ ಅಳಿಸಿದಾಗ ಮೂವರೂ ಮದುವೆ ಗೊತ್ತಾದವರ ಹಾಗೆ ನಕ್ಕರು. ಇದೀಗ ಇದು ನನ್ನ ಕೋಲು ಅಂತ ನರಸಪ್ಪನವರಿಗೆ ಮೊದಲ ಸಲ ಅನ್ನಿಸಿತು.

ಪಾಠ ನಡೆದದ್ದು ಮನೆ ಮುಂದೆ. ಮಹಡಿ ಕಟ್ಟಿಸಲು ತಂದ ಮರಳ ಗುಡ್ಡೆಯೇ ಬಂಕರು. ಚೆಂಡನ್ನು ಮುಟ್ಟಲೇಬೇಡಿ ಅನ್ನುವುದು ವೆಂಕಟಪ್ಪನ ಪಾಠ. ‘ಚೆಂಡಿನ ಹಿಂದ್ಗಡೆ ಮರಳಿಗೆ ಹೊಡೀರಿ ಯಜಮಾನ್ರೆ. ಗುದ್ದಲಿ ನೆಲಕ್ಕೆ ಬಿದ್ದು ನಿಂತ್ಕಳತ್ತೆ, ಇದು ನಿಲ್ಬಾರ್ದು. ಮರಳನ್ನ ಎಸೀರಿ, ಅದ್ರ ಜೊತೆ ಚೆಂಡೂ ಓಯ್ತದೆ.’ ಮೊದಮೊದಲು ಮರಳೆಲ್ಲ ಚಿಕ್ಕಮುನಿಯಮ್ಮನ ಸಂಡಿಗೆ ಮೇಲೆ ಬಿದ್ದು ಮಂಗಳಾರತಿಯೂ ಆಯಿತು. ಹೋಗುತ್ತಾ ಹೋಗುತ್ತಾ ಚೆಂಡು ಹೂವಿನ ಹಾಗೆ ಎದ್ದು ಬಾವಿಕಟ್ಟೆಯ ಪಕ್ಕ ಕೂರತೊಡಗಿತು. ನರಸಪ್ಪನವರು ಬೀಗಿಹೋದರು.

ಆದರೆ ಮೈದಾನದ ಬಂಕರಿಗೆ ಇಳಿದರೆ ಯಥಾಪ್ರಕಾರ. ಅದೇ ಕೋಲು, ಅದೇ ಕೈ, ಚೆಂಡು ಮಾತ್ರ ಅಲುಗುತ್ತಿರಲಿಲ್ಲ. ಮನೆಯಲ್ಲಿ ಬಂಡೆಯಂತೆ ನಿಲ್ಲುತ್ತೀರಿ, ಇಲ್ಲಿ ಕೆಂಡದ ಮೇಲೆ ನಿಂತ ಹಾಗೆ ಆಡುತ್ತೀರಿ ಅಂತ ವೆಂಕಟಪ್ಪ ತಲೆ ಕೆರೆದುಕೊಂಡ. ಆಟದ ಹಿಂದಿನ ಸಂಜೆ ಊಟ ಬಡಿಸುವಾಗ ಚಿಕ್ಕಮುನಿಯಮ್ಮ ತಾವಾಗಿ ಮಾತು ತೆಗೆದರು.

‘ಮನೇಲಿ ಬರಿಗಾಲಲ್ಲಿ ಒಡೀತೀರ. ಅಲ್ಲಿ ಮಾವನ ಕಣಕ್ಕೆ ಬೂಟು ಆಕ್ಕೊಂಡು ಇಳೀತೀರ. ಕಾಲು ಎಂಗೆ ನಿಂತಾತು?’

ಮುದ್ದೆ ಕೈಯಲ್ಲೇ ಉಳಿಯಿತು. ಇಷ್ಟು ವರ್ಷ ಆ ಹಳ್ಳಕ್ಕೆ ಇಳಿದಾಗಲೆಲ್ಲ ಬೇಗ ಹೊಡೆದು ಮೇಲೆ ಬಂದುಬಿಡಬೇಕು ಅನ್ನಿಸುತ್ತಿತ್ತು. ಅದು ಯಾಕೆಂದು ತಮಗೇ ಹೊಳೆದಿರಲಿಲ್ಲ. ಅವರಿಗೆ ನಾಚಿಕೆಯೂ ಆಯಿತು, ಹೆಂಡತಿಯ ಮೇಲೆ ಹೆಮ್ಮೆಯೂ ಆಯಿತು.

ಮರುದಿನ ಕಪ್ಪಿಗಾಗಿ ಕೊನೆಗೆ ಉಳಿದವರು ಬೀಗರಿಬ್ಬರೇ. ಕೊನೆಯ ಗುಳಿಗೆ ಬರುವ ಹೊತ್ತಿಗೆ ಇಬ್ಬರೂ ಸಮಸಮ. ಲಕ್ಷ್ಮಣಪ್ಪನವರ ಚೆಂಡು ಗುಳಿಯ ಸುತ್ತಲ ನುಣುಪು ಹುಲ್ಲಿನ ಮೇಲೆ ಹೋಗಿ ನಿಂತಿತು. ಅಷ್ಟೇ ಹೊಡೆತಕ್ಕೆ ನರಸಪ್ಪನವರದು ಎಲ್ಲಿಗೆ ಹೋಯಿತು ಅಂತೀರಿ? ನೇರ ಕಣಕ್ಕೆ.

‘ಶುರುವಾಯ್ತು ಒಕ್ಕಣೆ’ ಅಂದರು ಲಕ್ಷ್ಮಣಪ್ಪನವರು. ಸಾಹೇಬರು ನಕ್ಕರು.

ನರಸಪ್ಪನವರು ಅಂಚಿನಲ್ಲಿ ಕೂತು ಬೂಟು ಬಿಚ್ಚಿದರು. ಕಾಲುಚೀಲ ಬಿಚ್ಚಿ ಬೂಟಿನೊಳಗೆ ತುರುಕಿ, ಪ್ಯಾಂಟು ಮಡಚಿದರು. ಬಗ್ಗಿ ಅಂಚನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಬರಿಗಾಲಲ್ಲಿ ಇಳಿದರು. ನಗು ನಿಂತುಹೋಯಿತು. ಇದು ಆಟದ ನಿಯಮಕ್ಕೆ ಸರಿಯೇ ಅಂತ ಒಬ್ಬ ಸಾಹೇಬರು ಕೇಳಿದರು. ಬೂಟು ಹಾಕಲೇಬೇಕೆಂಬ ನಿಯಮವೇನಿಲ್ಲ ಅಂತ ಮೈದಾನದ ಕಾರ್ಯದರ್ಶಿಗಳು ಹೇಳಿದರು. ನರಸಪ್ಪನವರಿಗೆ ಯಾವುದೂ ಕೇಳಿಸಲಿಲ್ಲ. ಪಾದವನ್ನು ಮರಳಲ್ಲಿ ಆ ಕಡೆ ಈ ಕಡೆ ಆಡಿಸಿ ಊರಿದರು. ಮೇಲೆ ಬಿಸಿ, ಕೆಳಗೆ ತಂಪು. ಎಷ್ಟೋ ವರ್ಷದ ಮೇಲೆ ಆ ಜಾಗದಲ್ಲಿ ಅವರ ಕಾಲು ನಿಂತಿತು. ಕೋಲು ಎದ್ದಿತು, ಬೀಸಿತು, ಎಲ್ಲೂ ತಡೆಯಲಿಲ್ಲ. ಒಂದು ಬೊಗಸೆ ಮರಳಿನ ಜೊತೆ ಚೆಂಡು ಎದ್ದು, ಹುಲ್ಲಿನ ಮೇಲೆ ಮೆತ್ತಗೆ ಬಿದ್ದು, ಗುಳಿಯಿಂದ ಒಂದು ಗೇಣು ದೂರದಲ್ಲಿ ನಿಂತಿತು.

ಲಕ್ಷ್ಮಣಪ್ಪನವರ ಕೈ ಆಗಲೇ ಸೋತಿತ್ತು. ಉರುಳಿಸಿದ ಚೆಂಡು ಗುಳಿ ದಾಟಿ ಹೋಯಿತು, ಮತ್ತೆ ಉರುಳಿಸಿದ್ದು ಅಂಚು ಸವರಿ ಹೊರಗೇ ಉಳಿಯಿತು. ನರಸಪ್ಪನವರು ಬರಿಗಾಲಲ್ಲೇ ಬಂದು ತಮ್ಮ ಚೆಂಡನ್ನು ಒಳಗೆ ತಳ್ಳಿದರು. ಚಪ್ಪಾಳೆ ಬಿತ್ತು, ವೆಂಕಟಪ್ಪ ಟವೆಲು ಗಾಳಿಗೆ ಎಸೆದ.

ಮರಳಲ್ಲಿ ಇಳಿದವರು ತಮ್ಮ ಹೆಜ್ಜೆ ಗುರುತನ್ನು ತಾವೇ ಸಮ ಮಾಡಬೇಕು, ಅದು ಆಟದ ಮರ್ಯಾದೆ. ಕಪ್ಪು ಕಾಯಲಿ ಅಂತ ನರಸಪ್ಪನವರು ಮತ್ತೆ ಇಳಿದು ಕುಂಟೆ ಎಳೆಯತೊಡಗಿದರು, ಅಪ್ಪ ಕಣ ಸಾರಿಸುತ್ತಿದ್ದಷ್ಟೇ ನಿಧಾನವಾಗಿ. ತಲೆ ಎತ್ತಿದರೆ ಅಂಚಿನಲ್ಲಿ ಲಕ್ಷ್ಮಣಪ್ಪನವರು ನಿಂತಿದ್ದರು. ನಗು ಇರಲಿಲ್ಲ. ಕೈ ಕೊಡಲು ಒಂದು ಹೆಜ್ಜೆ ಮುಂದಿಟ್ಟವರು ತಡೆದು ನಿಂತು, ಬಗ್ಗಿ, ಬೂಟಿನ ದಾರ ಬಿಚ್ಚತೊಡಗಿದರು.

ಎರಡೂ ಬೂಟು ಪಕ್ಕಕ್ಕೆ ಬರುವವರೆಗೆ ನರಸಪ್ಪನವರು ಕಾದರು. ಆಮೇಲೆ ಎದೆ ತುಂಬಿ ಕರೆದರು.

‘ಬನ್ನಿ ಬೀಗ್ರೆ. ನಮ್ಮಪ್ಪನ ಕಣ.’