ಶಿರೀನಳ ಬಲಗೈ

ಬೆಳಿಗ್ಗೆ ಶಿಕಾರಿಪುರದ ಮನೆಯಲ್ಲಿ ಕೀಬೋರ್ಡ್ ಮುಂದೆ ಕೂತಾಗಲೂ ಶಿರೀನಳ ಬಲಗೈಯ ಉಂಗುರ ಬೆರಳು ಒಳಕ್ಕೆ ಮಡಚಿಕೊಂಡಿತು. ನೋವಿಲ್ಲ. ಅನ್ನ ಕಲಸುವಾಗ, ಜಡೆ ಹೆಣೆಯುವಾಗ ಸರಿಯಾಗಿರುವ ಬೆರಳು ಪಿಯಾನೋ ಮುಟ್ಟಿದೊಡನೆ ಮಾತು ಕೇಳುತ್ತಿರಲಿಲ್ಲ. ಒಂಬತ್ತು ತಿಂಗಳಿಂದ ಹೀಗೆ. ಮಿದುಳು ಬೆರಳಿಗೆ ಕೊಡುವ ಸೂಚನೆಯೇ ತಪ್ಪುತ್ತಿದೆ, ವಾಸಿಯಾಗುವ ಭರವಸೆ ಕೊಡಲಾರೆ ಎಂದಿದ್ದರು ಡಾಕ್ಟರು. ಅವಳು ಯಾರಿಗೂ ಹೇಳಿರಲಿಲ್ಲ.

ಹಾರ್ಮೋನಿಯಂ ರಿಪೇರಿಯ ಕುತುಬುದ್ದೀನ್ ಸಾಹೇಬರ ಮಗಳು ಅವಳು. ಅಂಗಡಿಗೆ ಬಂದ ಪೆಟ್ಟಿಗೆಗಳ ಮೇಲೆ ಕೈ ಪಳಗಿಸಿ, ಗೋವಾದ ಹೋಟೆಲುಗಳಲ್ಲಿ ಜಾಝ್ ಕಲಿತವಳು. ಈಗ ನಲವತ್ತೊಂದು. ಎರಡು ಆಲ್ಬಂ, ಮೂವತ್ತು ಸ್ವಂತ ರಚನೆಗಳು. ಮೂರನೆಯ ಆಲ್ಬಮ್ಮಿನ ರೆಕಾರ್ಡಿಂಗ್ ಮುಂದಿನ ತಿಂಗಳು. ಇವತ್ತು ಮಧ್ಯಾಹ್ನ ಸೊರಬದಲ್ಲಿ, ಊರ ಕಡೆಯ ಅವಳ ಮೊದಲ ಕಾರ್ಯಕ್ರಮ.

ಕಾರಿನಲ್ಲಿ ತೇಜಸ್ವಿ ಕೇಳಿದ. ಹದಿನಾಲ್ಕು ವರ್ಷದಿಂದ ಅವಳ ಜೊತೆ ಡ್ರಮ್ಸ್ ನುಡಿಸುವವನು. “ಪಟ್ಟೀಲಿದ್ದ ಜೋರಿನ ರಚನೆ ಎರಡೂ ಯಾಕ್ ಬಿಟ್ರಿ?”

“ಕೇಳೋರು ಹೊಸಬರು. ನಿಧಾನದ್ದೇ ಇರ್ಲಿ.”

ಶಿರಾಳಕೊಪ್ಪ ದಾಟುವವರೆಗೂ ಅವಳು ಬಲಗೈ ಬೆರಳುಗಳನ್ನು ತೊಡೆಯ ಮೇಲೆ ಆಡಿಸಿ ನೋಡುತ್ತಿದ್ದಳು.

ಸೊರಬದ ವೇದಿಕೆಯಲ್ಲಿ, ಎರಡನೆಯ ರಚನೆಯ ನಡುವೆ ಬೆರಳು ಮಡಚಿಕೊಂಡಿತು, ಕಿರುಬೆರಳೂ ಹಿಂದೆಯೇ. ಅಪಸ್ವರ. ಮತ್ತೆ ಹಿಡಿಯಲು ಹೋದಳು, ಮತ್ತೆ ಅಪಸ್ವರ. ಮುಂದಿನ ಸಾಲಿನಲ್ಲಿ ಕೂತಿದ್ದ ಅವಳ ಅಬ್ಬಾ, ಕುತುಬುದ್ದೀನ್ ಸಾಹೇಬರು, ತಲೆ ಎತ್ತಿದರು. ತೇಜಸ್ವಿ ತಾಳ ಬಿಡದೆ ಅವಳನ್ನೇ ನೋಡುತ್ತಿದ್ದ. ಬಲಗೈಯನ್ನು ಮಡಿಲಿಗೆ ಎಳೆದುಕೊಂಡು ಎಡಗೈಯೊಂದರಲ್ಲೇ ಹೇಗೋ ಮುಗಿಸಿದಳು. ರಚನೆಯೇ ಹಾಗೆ ಅಂದುಕೊಂಡ ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯನ್ನು ಮಾತ್ರ ಅವಳಿಗೆ ತಡೆಯಲಾಗಲಿಲ್ಲ. ಮೈಕ್ ಹಿಡಿದು, “ನನ್ನ ಕೈ ನಡೀತಿಲ್ಲ. ಇವತ್ತು ಇಷ್ಟೇ. ಕ್ಷಮಿಸಿ” ಎಂದಳು.

ವೇದಿಕೆಯ ಹಿಂದೆ ತೇಜಸ್ವಿಗೆ ಎಲ್ಲ ಹೇಳಿದಳು. ಅವನು ಸಿಟ್ಟಾದ. “ಒಂಬತ್ ತಿಂಗ್ಳು! ನನಗಾದ್ರೂ ಹೇಳ್ಬಾರ್ದಿತ್ತೇನ್ರೀ?”

“ಹೇಳಿದ್ರೆ ನಿಜ ಆಗಿಬಿಡ್ತದೆ ಅಂತ ಹೆದ್ರಿದ್ದೆ.”

ಅಬ್ಬಾ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. “ಇದು ನನ್ನ ಕೈಲಿ ರಿಪೇರಿ ಆಗೋದಲ್ಲಮ್ಮ” ಎಂದರು.

ರೆಕಾರ್ಡಿಂಗ್ ಮೂರು ತಿಂಗಳು ಮುಂದೆ ಹೋಯಿತು. ಪಿಯಾನೋಗೆ ಶ್ರೀರಂಜಿನಿ ಎಂಬ ಇಪ್ಪತ್ತಾರರ ಹುಡುಗಿ ಬಂದಳು. ಸ್ಟುಡಿಯೋದ ಗಾಜಿನ ಈಚೆ ಕೂತ ಶಿರೀನ್ ಒಂದೊಂದು ಸ್ವರವನ್ನೂ ತಾನು ಬರೆದ ಹಾಳೆಯಲ್ಲಿ ಹಿಂಬಾಲಿಸುತ್ತಿದ್ದಳು. ನಡುವೆ ಹುಡುಗಿ ನಿಲ್ಲಿಸಿದಳು. “ಮೇಡಂ, ಇಲ್ಲಿ ನೀವು ಹೇಗೆ ನುಡಿಸ್ತಿದ್ರಿ?”

ತಾನು ನುಡಿಸುತ್ತಿದ್ದ ರೀತಿಯನ್ನು ಶಿರೀನ್ ಹೇಳಿಬಿಡಬಹುದಿತ್ತು.

“ಅದು ಬಿಡಮ್ಮ. ನಿನಗೆ ಹೆಂಗೆ ಕೇಳಿಸ್ತದೋ ಹಂಗೆ ನುಡಿಸು.”

ಹುಡುಗಿ ನುಡಿಸಿದಳು. ಶಿರೀನ್ ಎಂದೂ ಯೋಚಿಸದ ಕಡೆಗೆ ರಚನೆ ತಿರುಗಿತು. ಅವಳು ಪೆನ್ಸಿಲ್ ಹುಡುಕಿ, ಆ ಹೊಸ ತಿರುವನ್ನು ಗಡಿಬಿಡಿಯಿಂದ ಬರೆದುಕೊಳ್ಳತೊಡಗಿದಳು.